ಕೆರೆ ನೀರಿನಲ್ಲಿ ಕರಗಿದ ಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಕೆರೆ ಹೂಳೆತ್ತುವ ಕೆಲಸ ನಡೆದಲ್ಲೆಲ್ಲ ನೀರಿನ ಬಣ್ಣದ ಮಾತು ಬರುತ್ತದೆ. ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದಲ್ಲಿ ಅಳಿವೆಯ ಸುದ್ದಿ ಎತ್ತಿದರೂ ಅದೇ. ಈಚೆಗೆ ಅದರ ಜೊತೆ ಇಂಗಾಲದ ಪ್ರಶ್ನೆಯೂ ಸೇರಿಕೊಂಡಿದೆ. ಮರ ನೆಟ್ಟರೆ ಇಂಗಾಲ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಮರದ ಎಲೆ ಉದುರಿ, ಮಳೆಯಲ್ಲಿ ನೆನೆದು, ಹಳ್ಳ ಹಿಡಿದು ಕೆರೆಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಈ ಪುಟ ಅದರ ಬಗ್ಗೆ.

ಮಳೆಗಾಲ ಹಿಡಿದ ಮೇಲೆ ನಮ್ಮ ಕೆರೆ ನೀರು ಕಂದಾಗುತ್ತದೆ. ಅದು ಮಣ್ಣೋ, ಹೊಲಸೋ?

ಹೆಚ್ಚಿನ ಕಡೆ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಒಂದು, ಗುಡ್ಡದಿಂದ ಕೊಚ್ಚಿ ಬಂದ ಕೆಮ್ಮಣ್ಣು. ಇನ್ನೊಂದು, ಎಲೆ, ತೊಗಟೆ, ಬೇರು, ಮಣ್ಣಿನಿಂದ ನೀರಿಗೆ ಇಳಿದ ಬಣ್ಣ. ಮಣ್ಣು ತಳಕ್ಕೆ ಕೂರುತ್ತದೆ, ಎಲೆಯ ಬಣ್ಣ ಕೂರುವುದಿಲ್ಲ.

ಮನೆಯಲ್ಲೇ ನೋಡಬಹುದು. ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಎರಡು ದಿನ ಅಲುಗಿಸದೆ ಇಡಿ. ಆಮೇಲೆ ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ಬೆಳಕಿನ ಗೆರೆ ನೀರಿನೊಳಗೆ ಎದ್ದು ಕಂಡರೆ ಸಣ್ಣ ಜೇಡಿ ಕಣಗಳು ಇನ್ನೂ ತೇಲುತ್ತಿವೆ. ಗೆರೆ ಅಷ್ಟಾಗಿ ಕಾಣದೆ, ನೀರು ತಿಳಿಯಾಗಿದ್ದೂ ಹಿಂದೆ ಹಿಡಿದ ಬಿಳಿ ಕಾಗದ ಹಳದಿ ಅಥವಾ ಕಂದಾಗಿ ಕಂಡರೆ ಅದು ಕರಗಿದ ಸಾವಯವ ವಸ್ತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರನ್ನು ಬಹಳ ತೆಳ್ಳಗೆ ಮಾಡಿದ ಹಾಗಿರುತ್ತದೆ. ಎರಡರಲ್ಲೂ ಇರುವುದು ಗಿಡಮರದ ಟ್ಯಾನಿನ್ ಜಾತಿಯ, ಅಂದರೆ ಒಗರು ಕೊಡುವ, ವಸ್ತುಗಳೇ.

ಮೂರನೆಯದೊಂದಿದೆ, ಅದು ಬೋರ್‌ವೆಲ್ ನೀರಿನಲ್ಲಿ ಹೆಚ್ಚು: ಎತ್ತುವಾಗ ತಿಳಿಯಾಗಿದ್ದು, ಸ್ವಲ್ಪ ಹೊತ್ತಿಗೆ ಕೆಂಪಾಗಿ ತಳದಲ್ಲಿ ತುಕ್ಕಿನಂಥ ಪುಡಿ ಕೂತರೆ ಕಬ್ಬಿಣದ ಅಂಶ.

‘ಕರಗಿದ ಸಾವಯವ ವಸ್ತು’ ಎಂದರೆ ಸರಿಯಾಗಿ ಏನು?

ಪ್ರಯೋಗಾಲಯದವರು ಹಾಕಿಕೊಂಡ ಗೆರೆ ಸರಳ. ನೀರನ್ನು ಬಹಳ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ, ಸಾಮಾನ್ಯವಾಗಿ 0.45 ಮೈಕ್ರೋಮೀಟರ್‌ನದರಲ್ಲಿ, ಸೋಸುತ್ತಾರೆ. ಮೇಲೆ ಉಳಿದದ್ದು ಕಣ, ಕೆಳಗೆ ಇಳಿದದ್ದು ಕರಗಿದ್ದು. ಹೀಗೆ ಇಳಿದುಬರುವುದು ಒಂದೇ ರಾಸಾಯನಿಕವಲ್ಲ. ಸಕ್ಕರೆ, ಅಮೈನೋ ಆಮ್ಲದಂಥ ಚಿಕ್ಕ ಅಣುಗಳಿಂದ ಹಿಡಿದು ಹ್ಯೂಮಿಕ್, ಫಲ್ವಿಕ್ ಆಮ್ಲ ಎಂದು ಕರೆಯುವ ಕಂದು ಬಣ್ಣದ ತೊಡಕು ಅಣುಗಳವರೆಗೆ ಸಾವಿರಾರು ಬಗೆ ಇವೆ. ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದಕ್ಕೇ ವರದಿಗಳಲ್ಲಿ ಇದನ್ನು ಕರಗಿದ ಸಾವಯವ ಇಂಗಾಲ, ಚಿಕ್ಕದಾಗಿ ಡಿಒಸಿ, ಎಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ.

ಪ್ರಪಂಚದ ಏಳೂವರೆ ಸಾವಿರ ಕೆರೆಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ ನಡುವಿನ ಮೌಲ್ಯ ಲೀಟರಿಗೆ 6 ಮಿಲಿಗ್ರಾಂಗಿಂತ ತುಸು ಕಡಿಮೆ ಬಂತು. ಸಮುದ್ರದ ನೀರಿನಲ್ಲಿ 1 ಮಿಲಿಗ್ರಾಂ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ.

ಅಷ್ಟು ಕಡಿಮೆಯಾ ಎನ್ನಿಸಬಹುದು. ಆದರೆ ಹೆಚ್ಚಿನ ಕೆರೆಗಳಲ್ಲಿ ಮೀನು, ಪಾಚಿ, ಹುಳ, ಬ್ಯಾಕ್ಟೀರಿಯಾ ಎಲ್ಲವನ್ನೂ ಸೇರಿಸಿದರೂ ಅವುಗಳಲ್ಲಿರುವ ಇಂಗಾಲಕ್ಕಿಂತ ನೀರಿನಲ್ಲಿ ಕರಗಿರುವ ಇಂಗಾಲವೇ ಹೆಚ್ಚು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬರ್ಜ್ ಮತ್ತು ಜುಡೇ ಎಂಬ ಇಬ್ಬರು ವಿಜ್ಞಾನಿಗಳು ನೂರಾರು ಕೆರೆಗಳ ನೀರು ಪರೀಕ್ಷಿಸಿ 1930ರ ದಶಕದಲ್ಲೇ ಇದನ್ನು ತೋರಿಸಿದ್ದರು. ಕೆರೆ ಎಂದರೆ ಮೀನು, ಕಮಲ ಎಂದು ನೋಡುವ ನಮಗೆ ಕಣ್ಣಿಗೆ ಕಾಣದ ಈ ದೊಡ್ಡ ಪಾಲು ತಪ್ಪಿಯೇ ಹೋಗುತ್ತದೆ.

ಇದೆಲ್ಲ ಎಲ್ಲಿಂದ ಬರುತ್ತದೆ?

ಎರಡು ದಾರಿ: ಹೊರಗಿನಿಂದ ಬಂದದ್ದು, ಕೆರೆಯೊಳಗೇ ಹುಟ್ಟಿದ್ದು.

ನಮ್ಮ ಕಡೆ ಹೊರಗಿನಿಂದ ಬರುವುದಕ್ಕೆ ಬರವಿಲ್ಲ. ಬೇಸಿಗೆಯಿಡೀ ಬೆಟ್ಟದಲ್ಲಿ ದರಕು ಬೀಳುತ್ತದೆ. ಒಂದಿಷ್ಟನ್ನು ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ತರುತ್ತೇವೆ, ಉಳಿದದ್ದು ಅಲ್ಲೇ. ಮೊದಲ ದೊಡ್ಡ ಮಳೆಗೆ ಆ ಒಣ ಎಲೆಗಳಿಂದ ಕರಗುವ ಅಂಶ ಬಹಳ ಬೇಗ ನೀರಿಗೆ ಇಳಿಯುತ್ತದೆ. ಕೆಲವು ಜಾತಿಯ ಎಲೆಗಳು ನೀರಿನಲ್ಲಿ ನೆನೆದ ಒಂದೇ ದಿನದಲ್ಲಿ ಒಣತೂಕದ ಕಾಲುಭಾಗದವರೆಗೂ ಕಳೆದುಕೊಳ್ಳುತ್ತವೆ. ಜೂನ್ ಮೊದಲಿಗೆ ಹಳ್ಳದಲ್ಲಿ ಬರುವ ಆ ಕಪ್ಪು ನೀರು, ಮೇಲೆ ತೇಲುವ ನೊರೆ, ಇದರದ್ದೇ. ನೊರೆ ಕಂಡ ಕೂಡಲೇ ಯಾರೋ ಸಾಬೂನು ನೀರು ಬಿಟ್ಟಿದ್ದಾರೆ ಎಂದು ಜಗಳಕ್ಕೆ ಹೋಗಬೇಕಿಲ್ಲ. ಮೇಲೆ ಮನೆಗಳಿಲ್ಲದ ಕಾಡಿನ ಹಳ್ಳದಲ್ಲೂ ನೊರೆ ಬರುತ್ತದೆ.

ಮಳೆ ಬಲವಾದಂತೆ ಮಣ್ಣಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಕೊಳೆತು ಕೂತಿದ್ದ ಹ್ಯೂಮಸ್ ಕೂಡ ತೊಳೆದು ಬರುತ್ತದೆ. ನೀರು ಸದಾ ನಿಂತಿರುವ ಜೌಗು ಮಣ್ಣು ಇನ್ನೂ ಹೆಚ್ಚು ಕೊಡುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ, ಕೊಳೆಯುವುದು ಅರ್ಧಕ್ಕೇ ನಿಲ್ಲುತ್ತದೆ, ಆ ಅರ್ಧ ಕೊಳೆತದ್ದು ನೀರಿಗೆ ಸೇರುತ್ತದೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನು (ರಾಮಪತ್ರೆ ಮರಗಳ ಜೌಗು ಕಾಡುಗಳನ್ನು) ಈ ಕಣ್ಣಿನಿಂದಲೂ ನೋಡಬೇಕು. ಅವುಗಳ ಅಪರೂಪದ ಮರಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಕೆಳಗಿನ ಹಳ್ಳಕ್ಕೆ ಅವು ವರ್ಷವಿಡೀ ಕೊಡುವ ಇಂಗಾಲವೂ ಅಷ್ಟೇ ಗಮನಕ್ಕೆ ಯೋಗ್ಯ.

ಒಳಗೆ ಹುಟ್ಟುವುದು ಪಾಚಿ ಮತ್ತು ಜಲಸಸ್ಯಗಳಿಂದ. ಬದುಕಿದ್ದಾಗಲೂ ಸತ್ತಾಗಲೂ ಅವು ಸಾವಯವ ಅಣುಗಳನ್ನು ನೀರಿಗೆ ಬಿಡುತ್ತವೆ. ಇದಕ್ಕೆ ಬಣ್ಣ ಕಡಿಮೆ, ಬ್ಯಾಕ್ಟೀರಿಯಾಗಳಿಗೆ ಇದು ಬೇಗ ಜೀರ್ಣವಾಗುತ್ತದೆ.

ಕೆರೆ ಕಂದು, ಪಕ್ಕದ ಬಾವಿ ಮಾತ್ರ ತಿಳಿ. ಯಾಕೆ?

ಚಿರೆಕಲ್ಲಿನ ಮಣ್ಣಿನಿಂದ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ಹೇರಳ. ಕಂದು ಸಾವಯವ ಅಣುಗಳು ಅವುಗಳ ಮೇಲ್ಮೈಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಇಂಗಿದ ನೀರು ಹಲವು ಅಡಿ ಮಣ್ಣು ದಾಟುವಷ್ಟರಲ್ಲಿ ಬಣ್ಣ ಕಳೆದುಕೊಂಡಿರುತ್ತದೆ. ಮೇಲಿಂದಲೇ ಹರಿದು ಕೆರೆಗೆ ಬಂದ ನೀರಿಗೆ ಆ ಅವಕಾಶ ಸಿಗುವುದಿಲ್ಲ. ಹಾಗಾಗಿ ಇಂಗುಗುಂಡಿ ತೋಡಿದ ಗುಡ್ಡದಿಂದ ಬರುವ ನೀರು ಪ್ರಮಾಣದಲ್ಲಷ್ಟೇ ಅಲ್ಲ, ಗುಣದಲ್ಲೂ ಬದಲಾಗುತ್ತದೆ, ಇಂಗಾಲದ ಒಂದು ಪಾಲು ಮಣ್ಣಿನಲ್ಲೇ ಉಳಿಯುತ್ತದೆ.

ಕೆರೆಗೆ ಬಂದ ಇಂಗಾಲ ಆಮೇಲೆ ಎಲ್ಲಿಗೆ ಹೋಗುತ್ತದೆ?

ಇಡೀ ಪುಟದಲ್ಲಿ ಒಂದೇ ಪ್ರಶ್ನೆ ಓದುವುದಾದರೆ ಇದನ್ನು ಓದಿ.

ಮೊದಲ ಗಿರಾಕಿ ಬ್ಯಾಕ್ಟೀರಿಯಾ. ಕರಗಿದ ಅಣುಗಳನ್ನು ಅವು ಹೀರಿಕೊಳ್ಳುತ್ತವೆ, ಒಂದು ಭಾಗದಿಂದ ಮೈ ಬೆಳೆಸಿಕೊಳ್ಳುತ್ತವೆ, ಇನ್ನೊಂದು ಭಾಗವನ್ನು ಉಸಿರಾಟದಲ್ಲಿ ಇಂಗಾಲದ ಡೈಆಕ್ಸೈಡ್ ಮಾಡಿ ಬಿಡುತ್ತವೆ. ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮ ಏಕಕೋಶ ಜೀವಿಗಳು ತಿನ್ನುತ್ತವೆ, ಅವನ್ನು ನೀರಿನ ಸಣ್ಣ ಹುಳಗಳು, ಹುಳಗಳನ್ನು ಮೀನುಮರಿಗಳು. ಬೆಟ್ಟದ ಹೊನ್ನೆ, ಮತ್ತಿ, ನಂದಿ ಮರದ ಎಲೆಯ ಇಂಗಾಲ ಹೀಗೆ ಮೀನಿನ ಮೈ ಸೇರುತ್ತದೆ. ಈ ಕೊಂಡಿಗೆ 1983ರಲ್ಲಿ ‘ಸೂಕ್ಷ್ಮಜೀವಿ ಕುಣಿಕೆ’ ಎಂಬ ಅರ್ಥದ ಹೆಸರು ಬಂತು. ಪ್ರತಿ ಮೆಟ್ಟಿಲಲ್ಲೂ ಉಸಿರಾಟಕ್ಕೆ ಹೋಗುವ ಪಾಲು ದೊಡ್ಡದಾದ್ದರಿಂದ ಮೀನಿಗೆ ಮುಟ್ಟುವುದು ಚೂರು ಮಾತ್ರ.

ಎರಡನೆಯದು ಬಿಸಿಲು. ಕಂದು ಅಣುಗಳು ಅತಿನೇರಳೆ ಮತ್ತು ನೀಲಿ ಬೆಳಕನ್ನು ಹೀರುತ್ತವೆ, ಹೀರಿ ತಾವೇ ಒಡೆಯುತ್ತವೆ. ಕೆಲವು ನೇರ ಇಂಗಾಲದ ಡೈಆಕ್ಸೈಡ್ ಆಗುತ್ತವೆ, ಕೆಲವು ಬ್ಯಾಕ್ಟೀರಿಯಾ ತಿನ್ನಬಲ್ಲ ಚಿಕ್ಕ ತುಂಡುಗಳಾಗುತ್ತವೆ. ಮಳೆ ಬಿಟ್ಟ ಮೇಲೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೆರೆಯ ಕಂದು ತೆಳುವಾಗುವುದರಲ್ಲಿ ಬಿಸಿಲಿನ ಪಾಲೂ ಇದೆ.

ಮೂರನೆಯದು ಕೆಸರು. ಒಂದಿಷ್ಟು ಇಂಗಾಲ ಜೇಡಿಗೂ ಕಬ್ಬಿಣಕ್ಕೂ ಅಂಟಿ ಗಡ್ಡೆಗಟ್ಟಿ ತಳ ಸೇರುತ್ತದೆ, ಸತ್ತ ಪಾಚಿಯೂ ಅದರ ಜೊತೆ ಕೂರುತ್ತದೆ. ಆಮ್ಲಜನಕ ತಲುಪದ ಕೆಸರಿನಲ್ಲಿ ಅದು ನೂರಾರು, ಸಾವಿರಾರು ವರ್ಷ ಉಳಿಯಬಹುದು. ಉಳಿದದ್ದು ಕೋಡಿ ಹರಿದು ಹೊಳೆ ಸೇರುತ್ತದೆ.

ಲೆಕ್ಕ ಎಷ್ಟು? 2007ರಲ್ಲಿ ಪ್ರಕಟವಾದ ಅಂದಾಜಿನಂತೆ ಪ್ರಪಂಚದ ನೆಲದಿಂದ ಕೆರೆ, ಹೊಳೆ, ಜಲಾಶಯಗಳಿಗೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ ಬರುತ್ತದೆ. ಕರಗಿದ್ದು, ಕಣ, ಅನಿಲ ಎಲ್ಲ ಸೇರಿದ ಲೆಕ್ಕ ಇದು. ಸಮುದ್ರ ಮುಟ್ಟುವುದು ಸುಮಾರು 90 ಕೋಟಿ. ಸುಮಾರು 20 ಕೋಟಿ ಕೆಸರಿನಲ್ಲಿ ಹೂತುಹೋಗುತ್ತದೆ. ಕಡಿಮೆಯೆಂದರೂ 80 ಕೋಟಿ ಗಾಳಿಗೆ ಮರಳುತ್ತದೆ. ಅಲ್ಲಿಯವರೆಗೆ ಹೊಳೆಗಳನ್ನು ಇಂಗಾಲ ಸಾಗಿಸುವ ಬರಿಯ ಕೊಳವೆಗಳೆಂದೇ ಲೆಕ್ಕ ಹಿಡಿಯುತ್ತಿದ್ದರು. 2013ರ ಇನ್ನೊಂದು ಅಂದಾಜು ಗಾಳಿಗೆ ಹೋಗುವ ಡೈಆಕ್ಸೈಡ್‌ನ ಇಂಗಾಲವನ್ನೇ 210 ಕೋಟಿ ಟನ್‌ಗೆ ಏರಿಸಿತು: ಹೊಳೆಗಳಿಂದ 180 ಕೋಟಿ, ಕೆರೆ ಮತ್ತು ಜಲಾಶಯಗಳಿಂದ 30 ಕೋಟಿಗೆ ತುಸು ಹೆಚ್ಚು.

ನಮ್ಮ ಸೆಖೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಕ್ಟೀರಿಯಾಗಳ ಉಸಿರಾಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸ್ವೀಡನ್ನಿನ ಕೆರೆಯಲ್ಲಿ ಚಳಿಗೆ ನಿಧಾನವಾಗಿ ನಡೆಯುವ ಕೆಲಸ ಇಲ್ಲಿ ವರ್ಷವಿಡೀ ಜೋರಾಗಿ ನಡೆಯುತ್ತದೆ. ಈ ವಿಜ್ಞಾನದ ಹೆಚ್ಚಿನ ಪಾಲು ಅಂಥ ತಣ್ಣನೆಯ ದೇಶಗಳ ಕೆರೆಗಳಲ್ಲಿ ಹುಟ್ಟಿದ್ದು. ಅಲ್ಲಿನ ಅಂಕಿಗಳನ್ನು ಶಿರಸಿಯ ಕೆರೆಗೆ ಹಾಗೇ ಹೊಂದಿಸುವುದು ಸರಿಯಲ್ಲ.

ಹಾಗಾದರೆ ಕೆರೆಗಳು ಗಾಳಿಗೆ ಇಂಗಾಲ ಬಿಡುತ್ತವೆಯೇ? ಕೆರೆ ಇರುವುದೇ ತಪ್ಪೇ?

ಬಿಡುತ್ತವೆ. 1994ರಲ್ಲಿ ಬೇರೆ ಬೇರೆ ದೇಶಗಳ 1,835 ಕೆರೆಗಳ ಮಾದರಿಗಳನ್ನು ನೋಡಿದಾಗ ಶೇ 87ರಲ್ಲಿ ಗಾಳಿಯೊಂದಿಗೆ ಸಮತೋಲದಲ್ಲಿರಬೇಕಾದ್ದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಇತ್ತು.

ಎರಡನೆಯ ಮಾತಿಗೆ ನನ್ನ ಉತ್ತರ ಖಂಡಿತ ಇಲ್ಲ ಎಂದೇ. ಆ ಎಲೆ ಕೆರೆಗೆ ಬಾರದೆ ಬೆಟ್ಟದಲ್ಲೇ ಇದ್ದಿದ್ದರೂ ಕೊಳೆತು ಬಹುಪಾಲು ಗಾಳಿಗೇ ಹೋಗುತ್ತಿತ್ತು. ಮರ ಅದನ್ನು ಗಾಳಿಯಿಂದಲೇ ತೆಗೆದುಕೊಂಡದ್ದು. ಪೆಟ್ರೋಲು, ಕಲ್ಲಿದ್ದಲಿನ ಇಂಗಾಲದ ಹಾಗೆ ಕೋಟ್ಯಂತರ ವರ್ಷ ನೆಲದಡಿ ಇದ್ದು ಹೊಸದಾಗಿ ಹೊರಬಂದದ್ದಲ್ಲ. ಆದರೆ ಬೆಟ್ಟದ ಮರ ಅಳೆದು “ಇಷ್ಟು ಟನ್ ಉಳಿಸಿದ್ದೇವೆ” ಎಂದು ಪಟ್ಟಿ ಮಾಡುವವರು ಹಳ್ಳದಲ್ಲಿ ಹರಿದುಹೋದದ್ದನ್ನೂ ಕಳೆಯಬೇಕು. ಬೆಟ್ಟ, ಕೆರೆ, ಹೊಳೆ, ಅಳಿವೆ ನಾಲ್ಕನ್ನೂ ಸೇರಿಸಿ ಬರೆಯದ ಇಂಗಾಲದ ಲೆಕ್ಕ ನನ್ನ ದೃಷ್ಟಿಯಲ್ಲಿ ಅರ್ಧ ಲೆಕ್ಕ.

ಮೀಥೇನ್ ಬಗ್ಗೆ ಹೇಳುತ್ತಾರಲ್ಲ?

ಚಿಂತೆ ಮಾಡಬೇಕಾದದ್ದು ಅದರದ್ದೇ. ತಳದಲ್ಲಿ ಆಮ್ಲಜನಕ ಮುಗಿದರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಕೆಲಸ ಹಿಡಿದು ಮೀಥೇನ್ ಹುಟ್ಟಿಸುತ್ತವೆ. ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಬಿಸಿ ಹಿಡಿಯುತ್ತದೆ. ಕೆಸರಿಗೆ ಕೋಲು ಚುಚ್ಚಿದಾಗ ಗುಳುಗುಳು ಏಳುವ ಗುಳ್ಳೆಗಳಲ್ಲಿ ಇದು ಬಹಳ ಇರುತ್ತದೆ.

ಚಿಕ್ಕ ಹೊಂಡಗಳು ಇದರಲ್ಲಿ ಮುಂದು. ಕಾಲು ಎಕರೆಗಿಂತ ಚಿಕ್ಕ ಹೊಂಡಗಳು ಪ್ರಪಂಚದ ಕೆರೆ ಹೊಂಡಗಳ ವಿಸ್ತೀರ್ಣದಲ್ಲಿ ಶೇ 9ಕ್ಕಿಂತ ಕಡಿಮೆ. ಆದರೂ ನೀರಿನ ಮೇಲ್ಮೈಯಿಂದ ಸೋರುವ ಮೀಥೇನ್‌ನಲ್ಲಿ ಅವುಗಳ ಪಾಲು ಸುಮಾರು ಶೇ 40 ಎಂದು 2016ರ ಒಂದು ಅಧ್ಯಯನ ಅಂದಾಜಿಸಿತು. ಆಳವಿಲ್ಲ, ದಂಡೆಯ ಎಲೆ ಹೆಚ್ಚು ಬೀಳುತ್ತದೆ, ಕೆಸರು ಮೇಲ್ಮೈಗೆ ಹತ್ತಿರ.

ಆಳದ ಜಲಾಶಯಗಳದ್ದು ಬೇರೆ ಕಥೆ. ಕಾಳಿ ನದಿಗೆ ಅಡ್ಡವಾಗಿ ಕಟ್ಟಿದ ಸೂಪಾ ಅಣೆಕಟ್ಟು ಸುಮಾರು ನೂರು ಮೀಟರ್ ಎತ್ತರದ್ದು, ಕಾಡಿನ ಕಣಿವೆ ಅದರಲ್ಲಿ ಮುಳುಗಿದೆ. ಉಷ್ಣವಲಯದ ಇಂಥ ಜಲಾಶಯಗಳಲ್ಲಿ ಬಿಸಿಯಾದ ಮೇಲಿನ ನೀರು ತಣ್ಣನೆಯ ಆಳದ ನೀರಿನೊಂದಿಗೆ ಬೆರೆಯದೆ ತಿಂಗಳುಗಟ್ಟಲೆ ನಿಲ್ಲಬಹುದು. ಆಗ ಆಳದಲ್ಲಿ ಮೀಥೇನ್ ಕೂಡಿಕೊಳ್ಳುತ್ತದೆ, ಆಳದ ನೀರನ್ನು ಟರ್ಬೈನಿಗೆ ಬಿಟ್ಟಾಗ ಒಮ್ಮೆಲೇ ಹೊರಬೀಳುತ್ತದೆ. ಬ್ರೆಜಿಲ್ಲಿನ ಬಾಲ್ಬಿನಾ ಜಲಾಶಯದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಜಲವಿದ್ಯುತ್ತನ್ನು ಹೊಗೆಯಿಲ್ಲದ ವಿದ್ಯುತ್ತು ಎನ್ನುವವರು ಕಾಳಿ, ಶರಾವತಿಯ ಜಲಾಶಯಗಳಲ್ಲೂ ಇದನ್ನು ವರ್ಷವಿಡೀ ಅಳೆಸಿ ಜನರ ಮುಂದಿಡಬೇಕು.

ಹೂಳೆತ್ತಿದರೆ ಇಂಗಾಲ ಹೊರಬರುತ್ತದಾ?

ಬರುತ್ತದೆ, ಒಂದಷ್ಟು. ಗಾಳಿ ತಾಗಿದ ಕೆಸರು ಬೇಗ ಕೊಳೆಯುತ್ತದೆ. ಬೇಸಿಗೆಯಲ್ಲಿ ತಾನಾಗಿ ಒಣಗಿದ ಕೆರೆಯ ತಳವೂ ಡೈಆಕ್ಸೈಡ್ ಬಿಡುತ್ತದೆ. ಹಾಗೆಂದು ಹೂಳೆತ್ತುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಹೂಳು ತುಂಬಿ ಆಳ ಕಳೆದುಕೊಂಡ ಕೆರೆ ನೀರನ್ನೂ ಹಿಡಿಯುವುದಿಲ್ಲ, ಮೀಥೇನನ್ನೂ ಹೆಚ್ಚು ಬಿಡುತ್ತದೆ. ಎತ್ತಿದ ಹೂಳನ್ನು ದಂಡೆಯ ಮೇಲೇ ಗುಡ್ಡೆ ಹಾಕಿ ಮೊದಲ ಮಳೆಗೆ ವಾಪಸ್ ಕೆರೆಗೇ ಇಳಿಯಲು ಬಿಡುವುದು ಮಾತ್ರ ಹಣ, ಶ್ರಮ ಎರಡೂ ದಂಡ. ತೋಟಕ್ಕೆ ಸಾಗಿಸಿ ಸೊಪ್ಪು ಮುಚ್ಚಿ.

ಬಣ್ಣದ ನೀರು ಮೀನಿಗೆ ಕೆಟ್ಟದ್ದೇ?

ಮಿತಿಯಲ್ಲಿದ್ದರೆ ಕಾಪಾಡುತ್ತದೆ. ಕಂದು ಅಣುಗಳು ಅತಿನೇರಳೆ ಕಿರಣವನ್ನು ಮೇಲ್ಮೈಯಲ್ಲೇ ತಡೆಯುವುದರಿಂದ ಮೊಟ್ಟೆ, ಮರಿಗಳಿಗೆ ರಕ್ಷಣೆ. ಹೆಚ್ಚಾದರೆ ಬೆಳಕು ಕೆಳಗಿಳಿಯದೆ ತಳದ ಗಿಡಗಳು ಬೆಳೆಯುವುದಿಲ್ಲ, ಮೇಲಿನ ಪದರ ಮಾತ್ರ ಕಾದು ಕೆಳಗೆ ಆಮ್ಲಜನಕ ಕಡಿಮೆಯಾಗುತ್ತದೆ.

ತೋಟಿಗರಿಗೆ ನೇರ ಸಂಬಂಧಪಟ್ಟ ಇನ್ನೊಂದಿದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಅದರ ಮೈಲುತುತ್ತದ ತಾಮ್ರ ಮಳೆಯಲ್ಲಿ ಸ್ವಲ್ಪ ಹಳ್ಳಕ್ಕೂ ಬರುತ್ತದೆ. ಮೀನಿಗೂ ನೀರಿನ ಹುಳಗಳಿಗೂ ವಿಷವಾಗುವುದು ಮುಖ್ಯವಾಗಿ ಬಿಡಿಬಿಡಿಯಾಗಿ ಕರಗಿದ ತಾಮ್ರದ ಅಯಾನು. ಕರಗಿದ ಸಾವಯವ ವಸ್ತು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡು ಆ ವಿಷವನ್ನು ತಗ್ಗಿಸುತ್ತದೆ. ತಾಮ್ರ ಮಾಯವಾಗುವುದಿಲ್ಲ, ಕೊನೆಗೆ ಕೆಸರು ಸೇರುತ್ತದೆ. ಕ್ಯಾನು, ಪಂಪು ತೊಳೆದ ನೀರನ್ನು ಕೆರೆಗೆ ಚೆಲ್ಲುವುದಕ್ಕೆ ಇದು ಪರವಾನಗಿಯಲ್ಲ.

ಅಡಿಕೆ ಬೇಯಿಸಿದ ನೀರನ್ನು ಕೆರೆಗೆ ಬಿಡಬಹುದೇ? ಅದೂ ಸಾವಯವವೇ ತಾನೆ?

ಬೇಡ. ಅಷ್ಟು ಗಟ್ಟಿ ಸಾವಯವ ವಸ್ತು ಒಮ್ಮೆಲೇ ಬಿದ್ದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ಚಿಕ್ಕ ಹೊಂಡದಲ್ಲಿ ಮೀನು ಬೆಳಗಾಗುವುದರೊಳಗೆ ಸಾಯಬಹುದು.

ಬೇಸಿಗೆಯಲ್ಲಿ ನಮ್ಮ ಕೆರೆ ಹಸಿರಾಗುತ್ತದೆ. ಅದೂ ಇದೇನಾ?

ಅಲ್ಲ. ಹಸಿರು ಪಾಚಿಯದ್ದು, ಅದರ ಹಿಂದೆ ರಂಜಕ ಮತ್ತು ಸಾರಜನಕ ಇರುತ್ತವೆ: ಬಚ್ಚಲು ನೀರು, ಚರಂಡಿ, ಗೊಬ್ಬರ. ಪೇಟೆಯ ನಡುವಿನ ಕೆರೆಗಳಿಗೆ ಇದೇ ದೊಡ್ಡ ರೋಗ. ಕಂದು ನೀರನ್ನು ಕಂಡು ಮೂಗು ಮುರಿಯುವವರು ಹಸಿರು ನೀರನ್ನು ಸುಮ್ಮನೆ ನೋಡುತ್ತಾರೆ. ನಿಜವಾಗಿ ಅಂಜಬೇಕಾದದ್ದು ಹಸಿರಿಗೆ.

ಕಂದು ನೀರು ಕುಡಿಯಬಹುದೇ?

ಬಣ್ಣದಿಂದಲೇ ಕಾಯಿಲೆ ಬರುವುದಿಲ್ಲ. ತೊಂದರೆ ಕ್ಲೋರಿನ್ ಹಾಕಿದಾಗ. 1974ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಯೊಹಾನ್ನೆಸ್ ರೂಕ್ ಎಂಬ ರಸಾಯನಶಾಸ್ತ್ರಜ್ಞ ಒಂದು ಸಂಗತಿ ತೋರಿಸಿಕೊಟ್ಟರು: ನೀರಿನಲ್ಲಿರುವ ಸಹಜ ಸಾವಯವ ವಸ್ತುವಿನೊಂದಿಗೆ ಕ್ಲೋರಿನ್ ಸೇರಿ ಕ್ಲೋರೋಫಾರ್ಮ್‌ನಂಥ ವಸ್ತುಗಳು ಹುಟ್ಟುತ್ತವೆ. ಅವು ಬಹುಕಾಲ ದೇಹಕ್ಕೆ ಸೇರುವುದು ಒಳ್ಳೆಯದಲ್ಲ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಲೀಟರಿಗೆ 0.2 ಮಿಲಿಗ್ರಾಂ ಕ್ಲೋರೋಫಾರ್ಮ್ ಮಿತಿ ಇಟ್ಟಿದೆ.

ಇದನ್ನು ಓದಿ ಕ್ಲೋರಿನ್ ನಿಲ್ಲಿಸಬೇಡಿ. ವಾಂತಿಭೇದಿ, ಕಾಮಾಲೆಯ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು, ಹತ್ತಿರದ್ದು. ಕ್ರಮ ಮುಖ್ಯ: ಮೊದಲು ಪಟಿಕ ಹಾಕಿ ಗಡ್ಡೆಗಟ್ಟಿಸಿ, ಕೂರಿಸಿ, ಮರಳಿನಲ್ಲಿ ಸೋಸಿ, ಕಡೆಯಲ್ಲಿ ಕ್ಲೋರಿನ್. ಪಟಿಕದ ಹಂತದಲ್ಲೇ ಕಂದು ಅಣುಗಳ ಒಳ್ಳೆಯ ಪಾಲು ಹೋಗಿರುತ್ತದೆ. ಗ್ರಾಮ ಪಂಚಾಯ್ತಿಯ ಟ್ಯಾಂಕಿಗೆ ಕೆರೆ ನೀರನ್ನು ನೇರ ಏರಿಸಿ ಬ್ಲೀಚಿಂಗ್ ಪುಡಿ ಸುರಿಯುವುದು ತಲೆಕೆಳಗಾದ ಕ್ರಮ.

ಅಘನಾಶಿನಿ ಸಮುದ್ರ ಸೇರುವಲ್ಲಿ ಈ ವಸ್ತುವಿಗೆ ಏನಾಗುತ್ತದೆ?

ಶಿರಸಿಯ ಶಂಕರಹೊಂಡದಿಂದ ಹೊರಟ ಈ ಹೊಳೆಗೆ ದಾರಿಯಲ್ಲಿ ದೊಡ್ಡ ಅಣೆಕಟ್ಟಿಲ್ಲ. ಹೀಗಾಗಿ ಕಾಡಿನ ಇಂಗಾಲ ಜಲಾಶಯದಲ್ಲಿ ತಡೆಯದೆ ನೇರ ಅಳಿವೆಗೆ ಬರುತ್ತದೆ. ಪಶ್ಚಿಮ ಘಟ್ಟದಲ್ಲಿ ಇಂಥ ಹೊಳೆಗಳು ಉಳಿದಿರುವುದೇ ಕೆಲವು.

ಸಿಹಿನೀರು ಉಪ್ಪುನೀರಿಗೆ ತಾಗಿದಾಗ ಕಬ್ಬಿಣ ಹಿಡಿದುಕೊಂಡಿದ್ದ ಹ್ಯೂಮಿಕ್ ಅಣುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿ ತಳಕ್ಕಿಳಿಯುತ್ತವೆ. ಒಟ್ಟು ಕರಗಿದ್ದರಲ್ಲಿ ಇದು ಚಿಕ್ಕ ಪಾಲು, ಆದರೆ ಅಳಿವೆಯ ಕೆಸರಿಗೆ ಅದರಿಂದ ಕಬ್ಬಿಣವೂ ಇಂಗಾಲವೂ ಸಿಗುತ್ತವೆ. ಆ ಕೆಸರಿನಲ್ಲೇ ಬಳಚು (ಚಿಪ್ಪುಮೀನು) ಬೆಳೆಯುವುದು, ಉಪ್ಪುನೀರಿನ ಕಾಂಡ್ಲಾ ಮರ ಬೇರೂರುವುದು, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಆಗುವುದು. ಕಾಂಡ್ಲಾ ಕಾಡು ತನ್ನ ಪಾಲಿನ ಕರಗಿದ ಇಂಗಾಲವನ್ನು ಪ್ರತಿ ಇಳಿತದ ನೀರಿನೊಂದಿಗೆ ಹೊರಗೆ ಕಳಿಸುತ್ತದೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಯ ಗೆರೆ ಅಳಿವೆಯ ಸುತ್ತ ಇದೆ, ಅದಕ್ಕೆ ಅನ್ನ ಹಾಕುವ ಬೆಟ್ಟ ಗೆರೆಯ ಹೊರಗಿದೆ.

ಸಮುದ್ರದಲ್ಲಿ ಕರಗಿರುವ ಸಾವಯವ ಇಂಗಾಲ ಒಟ್ಟು ಸುಮಾರು 66,000 ಕೋಟಿ ಟನ್. ಆಳದಲ್ಲಿರುವುದರ ಸರಾಸರಿ ವಯಸ್ಸು ಸಾವಿರಾರು ವರ್ಷ. ಅದರಲ್ಲಿ ನೆಲದಿಂದ ಹೋದದ್ದರ ಗುರುತು ಬಹಳ ಕಡಿಮೆ ಸಿಗುತ್ತದೆ, ಹೆಚ್ಚಿನದು ಕರಾವಳಿಯ ಬಿಸಿಲಿನಲ್ಲಿ, ಬ್ಯಾಕ್ಟೀರಿಯಾಗಳ ಕೈಯಲ್ಲಿ ಮೊದಲೇ ಮುಗಿದಿರುತ್ತದೆ.

ಯುರೋಪಿನ ಕೆರೆಗಳು ಹೆಚ್ಚು ಕಂದಾಗುತ್ತಿವೆಯಂತೆ. ನಮ್ಮಲ್ಲೂ ಹಾಗೇನಾ?

ಅಲ್ಲಿನ ಮುಖ್ಯ ಕಾರಣಗಳಲ್ಲಿ ಒಂದು ಆಮ್ಲಮಳೆ ಕಡಿಮೆಯಾದದ್ದು. ಗಂಧಕದ ಆಮ್ಲ ಬೀಳುತ್ತಿದ್ದಾಗ ಮಣ್ಣು ಸಾವಯವ ವಸ್ತುವನ್ನು ಹಿಡಿದಿಟ್ಟುಕೊಂಡಿತ್ತು, ಗಾಳಿ ಶುದ್ಧವಾದಂತೆ ಬಿಟ್ಟುಕೊಡುತ್ತಿದೆ ಎಂದು 2007ರಲ್ಲಿ ಉತ್ತರ ಅಮೆರಿಕ ಮತ್ತು ಉತ್ತರ ಯುರೋಪಿನ ಮಾಹಿತಿಯಿಂದ ತೋರಿಸಿದರು. ಆ ವಿವರಣೆಯನ್ನು ನಮ್ಮ ಕಡೆಗೆ ಎಳೆಯುವುದು ಸಲ್ಲ. ಇಲ್ಲಿ ನೋಡಬೇಕಾದದ್ದು ಮಳೆ ಸುರಿಯುವ ರೀತಿ. ಅಷ್ಟೇ ಮಳೆ ಕಡಿಮೆ ದಿನಗಳಲ್ಲಿ ಜೋರಾಗಿ ಸುರಿದರೆ ನೀರು ಇಂಗದೆ ಮೇಲ್ಪದರ ತೊಳೆದುಕೊಂಡೇ ಬರುತ್ತದೆ.

ನಾವೇ ಅಳೆಯಬಹುದೇ?

ಬೆಳಕು ಎಷ್ಟು ಆಳ ಇಳಿಯುತ್ತದೆ ಎಂಬುದನ್ನು ಅಳೆಯಬಹುದು. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ಬಳಕೆಗೆ ತಂದ ಉಪಾಯದ ಈಗಿನ ರೂಪ: ಕಪ್ಪುಬಿಳಿ ಬಣ್ಣ ಹಚ್ಚಿದ 20 ಸೆಂಟಿಮೀಟರ್ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಕಾಣದಾಗುವ ಆಳ ಬರೆದುಕೊಳ್ಳಿ. ಅದೇ ಜಾಗ, ಅದೇ ಹೊತ್ತು. ಹೈಸ್ಕೂಲು ಮಕ್ಕಳೂ ಚೆನ್ನಾಗಿ ಮಾಡುತ್ತಾರೆ.

ಡಿಒಸಿಗೆ ಪ್ರಯೋಗಾಲಯವೇ ಬೇಕು. ಅಲ್ಲಿ ನೀರನ್ನು ಸುಮಾರು 700 ಡಿಗ್ರಿಯಲ್ಲಿ ಉರಿಸಿ ಹೊರಬಂದ ಡೈಆಕ್ಸೈಡ್ ಅಳೆಯುತ್ತಾರೆ. ಮಾದರಿಯನ್ನು ಶುದ್ಧ ಗಾಜಿನ ಬಾಟಲಿಯಲ್ಲಿ ತುಂಬಿ, ಅದೇ ದಿನ ಸೋಸಿ, ಕತ್ತಲಲ್ಲಿ ತಣ್ಣಗೆ ಸಾಗಿಸಬೇಕು. ಇಲ್ಲವಾದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ವರ್ಷಕ್ಕೆ ಒಮ್ಮೆ ತೆಗೆದ ಮಾದರಿಯಿಂದ ಪ್ರಯೋಜನವಿಲ್ಲ. ಮೊದಲ ಮಳೆಯ ವಾರ, ಆಷಾಢದ ನಡುವೆ, ದೀಪಾವಳಿ ಹೊತ್ತಿಗೆ, ಮತ್ತೆ ಏಪ್ರಿಲ್‌ನಲ್ಲಿ ತೆಗೆದರೆ ಚಿತ್ರ ಕಾಣುತ್ತದೆ. ಒಂದೇ ಸಲಕ್ಕೆ ಹಣವಿದ್ದರೆ ಮೊದಲ ಮಳೆಯದನ್ನು ಬಿಡಬೇಡಿ.

ದಂಡೆಯ ಮರ ಕಡಿದರೆ ನೀರು ತಿಳಿಯಾಗುತ್ತದೆ ಎನ್ನುತ್ತಾರೆ. ಕಡಿಯೋಣವೇ?

ಕಡಿಯಬೇಡಿ. ನೀರಿಗೆ ನೇರ ಬೀಳುವ ಎಲೆ ಕಡಿಮೆಯಾಗುವುದು ನಿಜ. ಆದರೆ ಬಣ್ಣದ ಬಹುಪಾಲು ಬರುವುದು ಮೇಲಿನ ಇಡೀ ಜಲಾನಯನದ ಮಣ್ಣಿನಿಂದ. ನೆರಳು ಹೋದರೆ ನೀರು ಕಾಯುತ್ತದೆ, ಬೇರಿನ ಹಿಡಿತ ತಪ್ಪಿದ ದಂಡೆ ಕುಸಿದು ಕೆಮ್ಮಣ್ಣು ಇಳಿಯುತ್ತದೆ, ಮಣ್ಣಿನ ಜೊತೆ ರಂಜಕ ಬರುತ್ತದೆ, ಬೆಳಕು ಸಿಕ್ಕ ಪಾಚಿ ಅದನ್ನು ಬಳಸಿಕೊಳ್ಳುತ್ತದೆ. ಎಲೆ ಕಡಿಮೆ ಮಾಡಲೇಬೇಕಿದ್ದರೆ ಮೇ ತಿಂಗಳಲ್ಲಿ, ಮಳೆ ಬೀಳುವ ಮೊದಲು, ಕೆರೆಗೆ ಬರುವ ಹಳ್ಳದ ಪಾತ್ರದಲ್ಲಿ ರಾಶಿಯಾದ ದರಕನ್ನು ತೆಗೆದು ತೋಟಕ್ಕೆ ಹಾಕಿ.